ಚಳಿಜ್ವರದ ಗುಳಿಗೆಯೂ ಊರ ಹಿರಿಯರ ಹೊಣೆಯೂ

ಕಾರವಾರ ಮತ್ತು ಅಂಕೋಲೆ ತಾಲೂಕುಗಳ ಒಕ್ಕಲುತನವನ್ನು ಬಲ್ಲವರಿಗೆ ಆಷಾಢ ಮಾಸದ ಬೆಲೆಯನ್ನು ತಿಳಿಸಿ ಹೇಳಬೇಕಾದುದಿಲ್ಲ. ಅಗೆ ಬೆಳೆದು ನಿಂತಿರುವುದು. ಗದ್ದೆಯಲ್ಲಿ ಕೆಸರು ಹದವಾಗಿರುವುದು. ಆ ಎಂಟು ಹತ್ತು ದಿನಗಳೊಳಗಾಗಿ ನೆಟ್ಟಿ ಮುಗಿಯದಿದ್ದರೆ ಅಗೆಯು ಬಲಿತು, ಬುಡದಲ್ಲಿ ಮರಿ ಒಡೆಯುವುದು ಕಡಿಮೆಯಾಗಿ, ಸುಗ್ಗಿಯಲ್ಲಿ ಕಣಕ್ಕೆ ಬರುವ ಭತ್ತವೂ ಕಡಿಮೆಯಾಗುವುದು. ಇಂಥ ಸಮಯದಲ್ಲಿ ದುಡಿಯುವ ಆಳೊಬ್ಬನು ಕಂಬಳಿ ಹೊದೆದು ಗಡಗಡ ನಡುಗುತ್ತ ಮಲಗಿದನೆಂದರೆ ಅವನ ಮನೆಗೆ ಕೂಲಿಯ ನಷ್ಟ, ಒಡೆಯನಿಗೆ ಬೆಳೆಯ ನಷ್ಟ. ಗೊಬ್ಬರ, ಬೀಜ, ನೀರುಗಳ ವಿಷಯವನ್ನು ಬರೆಯತಕ್ಕ ಈ ಪತ್ರಿಕೆಯಲ್ಲಿ ಜ್ವರದ ಮಾತು ಏಕೆ ಬಂದಿತೆಂದು ಯಾರಾದರೂ ಕೇಳುವುದಾದರೆ ಇದೇ ಅದಕ್ಕೆ ಉತ್ತರವು.

ಚಳಿಜ್ವರಕ್ಕೆ, ಎಂದರೆ ಮಲೇರಿಯಕ್ಕೆ, ಈಗ ಒಳ್ಳೆಯ ಔಷಧಗಳಿವೆ. ಸರಕಾರಿ ದವಾಖಾನೆಗಳಲ್ಲಿ ರಕ್ತಪರೀಕ್ಷೆಯೂ ಗುಳಿಗೆಗಳೂ ಧರ್ಮಾರ್ಥವಾಗಿ ದೊರೆಯುತ್ತವೆ. ಆದರೂ ರೋಗವು ಪೂರ್ಣವಾಗಿ ತೊಲಗದೆ ಒಬ್ಬನಲ್ಲಿಯೇ ಮತ್ತೆ ಮತ್ತೆ ಕಾಣಿಸಿಕೊಳ್ಳುವುದಕ್ಕೆ ಒಂದು ಮುಖ್ಯ ಕಾರಣವೆಂದರೆ, ದವಾಖಾನೆಯಲ್ಲಿ ಕೊಟ್ಟ ಗುಳಿಗೆಗಳೆಲ್ಲವೂ ರೋಗಿಯ ಹೊಟ್ಟೆಗೆ ಹೋಗದೆ ಇರುವುದೇ. ಈ ಲೇಖನವು ಆ ಒಂದು ವಿಷಯವನ್ನು ಕುರಿತದ್ದು.

ನಾಲ್ಕನೆಯ ದಿನದ ಮೋಸ

ಕೆಲವು ವರ್ಷಗಳ ಹಿಂದೆ ಗಂಗಾವಳಿ ನದಿಯ ದಂಡೆಯ ಒಂದು ಹಳ್ಳಿಯಲ್ಲಿ ಸಾಲುನೆಟ್ಟಿಯ ಪ್ರಾತ್ಯಕ್ಷಿಕೆಗಾಗಿ ಒಂದು ಗದ್ದೆಯನ್ನು ಆರಿಸಿಕೊಂಡಿದ್ದೆನು. ಹಗ್ಗ ಹಿಡಿದು ಸಾಲು ತಪ್ಪದಂತೆ ನೆಡುವುದರಲ್ಲಿ ಕೈಪಳಗಿದ ಒಬ್ಬ ಆಳು ಆ ವಾರವೇ ಜ್ವರದಿಂದ ಮಲಗಿದನು. ಪರೀಕ್ಷೆಯಲ್ಲಿ ಚಳಿಜ್ವರವೆಂದು ಗೊತ್ತಾಗಿ, 14 ದಿನಗಳ ಗುಳಿಗೆಗಳನ್ನು ಪೊಟ್ಟಣ ಕಟ್ಟಿ ಕೊಟ್ಟರು. ಮೂರು ದಿನಗಳಲ್ಲಿ ಜ್ವರ ಇಳಿಯಿತು. ನಾಲ್ಕನೆಯ ದಿನ ನಾನೇ ಅವನ ಮನೆಗೆ ಹೇಳಿಕಳುಹಿಸಿ ಗದ್ದೆಗೆ ಕರೆಯಿಸಿಕೊಂಡೆನು. ಗುಳಿಗೆಯ ಮಾತನ್ನು ಎತ್ತಿದಾಗ, "ಜ್ವರ ಬಿಟ್ಟಿತಲ್ಲ ಸಾಹೇಬರೇ, ಇನ್ನೆಂತಕ್ಕೆ ಗುಳಿಗೆ?" ಎಂದನು. ನಾನೂ ಅಷ್ಟಕ್ಕೇ ಸುಮ್ಮನಾದೆನು. ನನ್ನ ಕಣ್ಣು ಅಗೆಯ ಮೇಲಿದ್ದಿತು.

ಭತ್ತವು ತೆನೆಗಟ್ಟುವ ಹೊತ್ತಿಗೆ ಅವನಿಗೆ ಜ್ವರವು ಮರುಕಳಿಸಿತು. ಅದೇ ಹದಿನೈದು ದಿನಗಳಲ್ಲಿ ಅವನ ಚಿಕ್ಕ ಮಗಳಿಗೂ ಬಂದಿತು. ನೋಡಹೋದಾಗ ಉಳಿದ ಗುಳಿಗೆಗಳು ಕಾಗದದ ಪೊಟ್ಟಣದಲ್ಲಿ ಹಾಗೆಯೇ ಮಾಡಿನ ಸಂದಿಯಲ್ಲಿದ್ದವು. ಹೆಂಡತಿಯನ್ನು ವಿಚಾರಿಸಿದಾಗ ಕಾರಣಗಳು ಒಂದೊಂದಾಗಿ ಹೊರಬಿದ್ದವು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನುಂಗಿದ್ದರಿಂದ ಹೊಟ್ಟೆಯಲ್ಲಿ ಸಂಕಟವಾಗಿತ್ತು. ಮುಂದೆ ಮಕ್ಕಳಿಗೆ ಜ್ವರ ಬಂದರೆ ಇರಲೆಂದು ಆಕೆ ಉಳಿದವನ್ನು ಎತ್ತಿಟ್ಟಿದ್ದಳು. ಗದ್ದೆಯಿಂದ ಕರೆ ಬಂದಿದ್ದರಿಂದ ಜ್ವರ ಪೂರ್ಣ ಗುಣವಾಯಿತೆಂದೇ ಅವರು ತಿಳಿದಿದ್ದರು. ಈ ಕಡೆಯ ಕಾರಣದಲ್ಲಿ ನನ್ನ ಪಾಲೇ ದೊಡ್ಡದು. ಮಗುವು ಬದುಕಿಕೊಂಡಿತು, ಆದರೆ ಎರಡು ದಿನ ಅದು ಕಣ್ಣು ತೆರೆಯದೆ ಮಲಗಿದ್ದುದನ್ನು ನಾನು ಮರೆತಿಲ್ಲ. ಈ ಲೇಖನಕ್ಕೆ ಅದೇ ಪ್ರೇರಣೆ.

ಬೇರು ಉಳಿದ ಕಳೆ

ಮೂರು ದಿನಗಳಲ್ಲಿ ಬಿಟ್ಟ ಜ್ವರಕ್ಕೆ ಹದಿನಾಲ್ಕು ದಿನ ಔಷಧವೇಕೆ? ರೈತರಿಗೆ ಇದನ್ನು ಜೇಕಿನ ಹುಲ್ಲಿನ ಉದಾಹರಣೆಯಿಂದ ಹೇಳುವುದು ಸುಲಭ. ಗದ್ದೆಯಲ್ಲಿ ಜೇಕನ್ನು ಮೇಲಿಂದ ಕೊಯ್ದರೆ ಹೊಲವು ಒಂದೆರಡು ವಾರ ನಿರ್ಮಲವಾಗಿ ಕಾಣುವುದು. ಆದರೆ ಮಣ್ಣಿನೊಳಗಿನ ಗಡ್ಡೆಯು ಸತ್ತಿರುವುದಿಲ್ಲ. ಮುಂದಿನ ಹದಕ್ಕೆ ಮತ್ತೆ ಚಿಗುರುವುದು. ನಮ್ಮ ಕಡೆ ಕಾಣುವ ಚಳಿಜ್ವರದಲ್ಲಿ ವೈವ್ಯಾಕ್ಸ್ ಎಂಬ ಜಾತಿಯ ರೋಗಾಣು ಇದೇ ಗುಣದ್ದು. ಸೊಳ್ಳೆಯು ಕಚ್ಚಿದಾಗ ಒಳಹೊಕ್ಕ ರೋಗಾಣುಗಳಲ್ಲಿ ಕೆಲವು ರಕ್ತಕ್ಕೆ ಇಳಿದು ದಿನ ಬಿಟ್ಟು ದಿನ ಜ್ವರವನ್ನು ತರುತ್ತವೆ. ಮತ್ತೆ ಕೆಲವು ಪಿತ್ತಕೋಶವಿರುವ ಯಕೃತ್ತಿನಲ್ಲಿ ನಿದ್ರಿಸುತ್ತಿದ್ದು, ವಾರಗಳ ಅಥವಾ ತಿಂಗಳುಗಳ ತರುವಾಯ ಎಚ್ಚತ್ತು ರಕ್ತಕ್ಕೆ ಬರುತ್ತವೆ.

ಆದುದರಿಂದಲೇ ಎರಡು ಔಷಧಗಳನ್ನು ಕೊಡುತ್ತಾರೆ. ಕ್ಲೋರೋಕ್ವಿನ್ ಎಂಬುದನ್ನು ಮೂರು ದಿನ ಕೊಡುವುದು ರಕ್ತದಲ್ಲಿರುವ ರೋಗಾಣುವನ್ನು ಕೊಲ್ಲುವುದಕ್ಕೆ. ಇದು ಕಳೆಯ ಎಲೆಯನ್ನು ಕೊಯ್ದಂತೆ. ಪ್ರೈಮಾಕ್ವಿನ್ ಎಂಬುದನ್ನು 14 ದಿನ ಕೊಡುವುದು ಯಕೃತ್ತಿನಲ್ಲಿ ಅಡಗಿದ್ದನ್ನು ಕೊಲ್ಲುವುದಕ್ಕೆ. ಇದು ಗಡ್ಡೆಯನ್ನು ಅಗೆದು ತೆಗೆದಂತೆ. ಮೊದಲನೆಯದರಿಂದ ಜ್ವರ ಬಿಡುತ್ತದೆ. ಎರಡನೆಯದರಿಂದ ರೋಗ ಬಿಡುತ್ತದೆ. ಜ್ವರ ಬಿಟ್ಟುದನ್ನೇ ರೋಗ ಬಿಟ್ಟಿತೆಂದು ತಿಳಿಯುವುದೇ ನಾಲ್ಕನೆಯ ದಿನದ ಮೋಸವು.

ಅಡಿಕೆಯ ತೋಟವುಳ್ಳವರು ಇದನ್ನು ಬೇರೊಂದು ಬಗೆಯಿಂದಲೂ ಬಲ್ಲರು. ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲು ಬೋರ್ಡೋ ದ್ರಾವಣವನ್ನು ಒಮ್ಮೆ ಸಿಂಪಡಿಸಿ, ಗೊನೆ ಹಸುರಾಗಿರುವುದನ್ನು ಕಂಡು ಎರಡನೆಯ ಸಿಂಪರಣೆಯನ್ನು ಕೈಬಿಟ್ಟವನಿಗೆ ಶ್ರಾವಣದಲ್ಲಿ ಏನಾಗುವುದೆಂಬುದನ್ನು ಯಾರೂ ವಿವರಿಸಬೇಕಾದುದಿಲ್ಲ.

ಚಳಿಜ್ವರದ ಇನ್ನೊಂದು ಜಾತಿಯ ಹೆಸರು ಫಾಲ್ಸಿಪೆರಮ್. ಇದು ಯಕೃತ್ತಿನಲ್ಲಿ ನಿದ್ರಿಸುವುದಿಲ್ಲವಾದರೂ ಮೆದುಳಿಗೆ ಏರಿ ಪ್ರಾಣವನ್ನು ಬೇಗ ತೆಗೆಯತಕ್ಕದ್ದು. ಇದಕ್ಕೆ ಕೊಡುವ ಮೂರು ದಿನಗಳ ಸಂಯುಕ್ತ ಔಷಧದಲ್ಲಿ, ನಮ್ಮ ಮಾಚಿಪತ್ರೆಯ ಕುಲಕ್ಕೆ ಸೇರಿದ ಒಂದು ಗಿಡದಿಂದ ದೊರೆತ ಸತ್ವವಿದೆ. ಅದನ್ನು ಕಂಡುಹಿಡಿದ ಚೀನಾ ದೇಶದ ವಿದುಷಿ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಈ ಔಷಧವನ್ನು ಒಂದು ದಿನ ನುಂಗಿ ಎರಡು ದಿನ ಬಿಡುವುದು ಬಹಳ ಅಪಾಯಕರ. ಅರೆಪ್ರಮಾಣದ ಔಷಧದಲ್ಲಿ ಸಾಯದೆ ಉಳಿದ ರೋಗಾಣುವು ಆ ಔಷಧಕ್ಕೇ ಅಂಜದಂತಾಗುವ ಸಂಭವವುಂಟು. ಕ್ಲೋರೋಕ್ವಿನ್ನಿಗೆ ಬಗ್ಗದ ಫಾಲ್ಸಿಪೆರಮ್ ನಮ್ಮ ದೇಶದಲ್ಲಿ ಮೊದಲು ಕಂಡುಬಂದುದು 1973ರಲ್ಲಿ, ಅಸ್ಸಾಮಿನಲ್ಲಿ. ಇಂದು ಆ ಜಾತಿಗೆ ಆ ಅಗ್ಗದ ಗುಳಿಗೆಯನ್ನು ಕೊಡುವಂತಿಲ್ಲ.

ನಮ್ಮ ಜಿಲ್ಲೆಯ ಅನುಭವ

ಈ ಜಿಲ್ಲೆಗೆ ಚಳಿಜ್ವರವು ಹೊಸದಲ್ಲ. ಉತ್ತರ ಕನ್ನಡವು 1862ರಲ್ಲಿ ಮದರಾಸು ಇಲಾಖೆಯಿಂದ ಮುಂಬಯಿ ಇಲಾಖೆಗೆ ಸೇರಿದ ಕಾಲದಲ್ಲಿಯೂ, ಅನಂತರ ಬಹುಕಾಲವೂ ಘಟ್ಟದ ಕಾಡಿನ ಸೀಮೆಯು ಈ ಜ್ವರಕ್ಕೆ ಹೆಸರಾಗಿದ್ದಿತು. ಬೆಟ್ಟದ ಹಳ್ಳಗಳ ತಿಳಿನೀರಿನಲ್ಲಿ ಮರಿಯಿಡುವ ಅನಾಫಿಲಿಸ್ ಫ್ಲುವಿಯಾಟಿಲಿಸ್ ಎಂಬ ಸೊಳ್ಳೆಯೇ ಅಲ್ಲಿ ರೋಗವಾಹಕವಾಗಿತ್ತು. ಸೊಳ್ಳೆಯ ಹೊಟ್ಟೆಯಲ್ಲಿ ಈ ರೋಗಾಣುವನ್ನು ರೊನಾಲ್ಡ್ ರಾಸರು 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿಯುವವರೆಗೆ ಜನರು ಕಾಡಿನ ಹವೆಯನ್ನೇ ದೂರುತ್ತಿದ್ದರು.

ಔಷಧವು ಜನರ ಕೈಗೆ ಸಿಗುವಂತೆ ಮಾಡುವ ಯತ್ನವೂ ಹಳೆಯದು. ಬಂಗಾಳದಲ್ಲಿ 1892ರಿಂದ ಕ್ವಿನೈನ್ ಪುಡಿಯ ಪೊಟ್ಟಣಗಳನ್ನು ಪೈಸೆಗೊಂದರಂತೆ ಅಂಚೆಕಚೇರಿಗಳಲ್ಲಿ ಮಾರುವ ಏರ್ಪಾಡು ನಡೆಯಿತು. ಆದರೆ ಪೊಟ್ಟಣವನ್ನು ಊರಿಗೆ ತಲುಪಿಸುವುದು ಒಂದು ಕೆಲಸ, ಅದರ ಪೂರ್ಣ ಪ್ರಮಾಣವನ್ನು ರೋಗಿಯು ನುಂಗುವಂತೆ ಮಾಡುವುದು ಮತ್ತೊಂದು ಕೆಲಸ. ಈ ಎರಡನೆಯದನ್ನು ಅಂಚೆಯವನು ಮಾಡಲಾರನು.

ಮುಂದೆ 1946ರ ಸುಮಾರಿಗೆ ಮುಂಬಯಿ ಪ್ರಾಂತ್ಯದ ಮಲೇರಿಯಾ ತಜ್ಞರಾದ ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ನಮ್ಮ ಕಾನಡಾ ಜಿಲ್ಲೆಯಲ್ಲಿಯೂ ಧಾರವಾಡ ಜಿಲ್ಲೆಯಲ್ಲಿಯೂ ಮನೆಗಳ ಒಳಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸುವ ದೊಡ್ಡ ಪ್ರಯೋಗವು ನಡೆಯಿತು. ಅದರಿಂದ ದೊರೆತ ಫಲವು ಇಡೀ ದೇಶಕ್ಕೆ ಧೈರ್ಯವನ್ನು ಕೊಟ್ಟಿತು. 1947ರಲ್ಲಿ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಈ ಜ್ವರ ಬರುತ್ತಿದ್ದು, ಸುಮಾರು 8 ಲಕ್ಷ ಜನರು ಸಾಯುತ್ತಿದ್ದರೆಂದು ಅಂದಾಜು ಮಾಡಿದ್ದರು. 1953ರಲ್ಲಿ ರಾಷ್ಟ್ರೀಯ ನಿಯಂತ್ರಣ ಕಾರ್ಯವೂ, 1958ರಲ್ಲಿ ನಿರ್ಮೂಲನ ಕಾರ್ಯವೂ ಆರಂಭವಾಗಿ, 1965ರ ಹೊತ್ತಿಗೆ ರೋಗಿಗಳ ಸಂಖ್ಯೆಯು ಸುಮಾರು 1 ಲಕ್ಷಕ್ಕೆ ಇಳಿಯಿತು. ಅಷ್ಟಕ್ಕೆ ಎಲ್ಲರೂ ಸಡಿಲವಾದರು. 1976ರಲ್ಲಿ ಅದೇ ಸಂಖ್ಯೆ 64 ಲಕ್ಷಕ್ಕೆ ಏರಿತು.

ದೇಶದ ಈ ಚರಿತ್ರೆಯು ನಮ್ಮ ರೋಗಿಯ ಚರಿತ್ರೆಯೇ ಆಗಿರುವುದನ್ನು ವಾಚಕರು ಗಮನಿಸಬೇಕು. ಜ್ವರ ಇಳಿದಾಗ ಔಷಧ ಬಿಟ್ಟರು. ಉಳಿದ ಗಡ್ಡೆಯಿಂದ ರೋಗ ಮತ್ತೆ ಚಿಗುರಿತು. ಈಗ ನಾವು ಮತ್ತೊಮ್ಮೆ ಅದೇ ಹಂತದಲ್ಲಿದ್ದೇವೆ. 2015ರಲ್ಲಿ ದೇಶದಲ್ಲಿ ಸುಮಾರು 11.7 ಲಕ್ಷವಿದ್ದ ರೋಗಿಗಳ ಸಂಖ್ಯೆಯು 2023ರಲ್ಲಿ ಸುಮಾರು 2.27 ಲಕ್ಷಕ್ಕೆ ಇಳಿದಿದೆ. 2027ರೊಳಗೆ ಸ್ಥಳೀಯ ಸೋಂಕನ್ನು ಶೂನ್ಯಕ್ಕಿಳಿಸಿ 2030ರೊಳಗೆ ರೋಗವನ್ನು ದೇಶದಿಂದ ನಿರ್ಮೂಲಗೊಳಿಸುವುದು ಸರಕಾರದ ಗುರಿ. ರೋಗಿಗಳು ವಿರಳವಾದಷ್ಟೂ ಒಬ್ಬೊಬ್ಬ ರೋಗಿಯ ಗುಳಿಗೆಯ ಬೆಲೆಯೂ ಹೆಚ್ಚುವುದು.

ದವಾಖಾನೆಯಲ್ಲಿ ಕೇಳಿ ತಿಳಿಯತಕ್ಕದ್ದು

ಎಲ್ಲ ಜ್ವರವೂ ಚಳಿಜ್ವರವಲ್ಲ. ಕೆಸರುಗದ್ದೆಯಲ್ಲಿ ದುಡಿಯುವವರಿಗೆ ಇಲಿಜ್ವರವೂ, ಕಾಡಿಗೆ ಸೊಪ್ಪು, ತರಗು ತರಲು ಹೋಗುವವರಿಗೆ ಮಂಗನ ಕಾಯಿಲೆಯೂ ಬರಬಹುದು, ಪೇಟೆಯಲ್ಲಿ ಡೆಂಗೆಯುಂಟು. ಆದಕಾರಣ ಮಾಡಿನ ಸಂದಿಯಲ್ಲಿ ಉಳಿದ ಹಳೆಯ ಗುಳಿಗೆಯನ್ನಾಗಲಿ, ನೆರೆಮನೆಯವನು ಕೊಟ್ಟದ್ದನ್ನಾಗಲಿ ನುಂಗದೆ, ಮೊದಲು ರಕ್ತಪರೀಕ್ಷೆ ಮಾಡಿಸಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಲಾರದವರು ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿದರೂ ಪರೀಕ್ಷೆಯ ಏರ್ಪಾಡು ಆಗುವುದು. ಅಮೃತಬಳ್ಳಿಯ ಮತ್ತು ನೆಲಬೇವಿನ ಕಷಾಯಗಳನ್ನು ಕುಡಿಯುವ ರೂಢಿ ನಮ್ಮಲ್ಲಿದೆ. ಕುಡಿಯುವುದಿದ್ದರೆ ವೈದ್ಯರಿಗೆ ತಿಳಿಸಿ ಕುಡಿಯಲಿ. ಗುಳಿಗೆಯ ಬದಲಿಗೆ ಮಾತ್ರ ಕುಡಿಯಬಾರದು.

ರೋಗಿಯ ಜೊತೆಗೆ ಮನೆಯ ಇನ್ನೊಬ್ಬರು ಹೋಗಬೇಕು. ಜ್ವರದ ತಲೆಯಲ್ಲಿ ವೈದ್ಯರ ಮಾತು ನಿಲ್ಲುವುದಿಲ್ಲ. ಯಾವ ಗುಳಿಗೆ, ದಿನಕ್ಕೆ ಎಷ್ಟು, ಎಷ್ಟು ದಿನ ಎಂಬ ಮೂರನ್ನು ಕೇಳಿ, ತಿರುಗಿ ತಮ್ಮ ಬಾಯಿಂದ ಹೇಳಿ ತೋರಿಸಿ, ಚೀಟಿಯಲ್ಲಿ ಬರೆಯಿಸಿಕೊಳ್ಳಬೇಕು. ಇದು ಏಕೆ ಅವಶ್ಯವೆಂದರೆ, ಪ್ರೈಮಾಕ್ವಿನ್ ಗುಳಿಗೆಯು 2.5 ಮಿಲಿಗ್ರಾಮಿನದೂ 7.5 ಮಿಲಿಗ್ರಾಮಿನದೂ ಉಂಟು. ದಿನಕ್ಕೆ 15 ಮಿಲಿಗ್ರಾಮ್ ಬೇಕಾದ ಪ್ರಾಯಸ್ಥನಿಗೆ ಮೊದಲನೆಯದಾದರೆ 6 ಗುಳಿಗೆ, ಎರಡನೆಯದಾದರೆ 2 ಗುಳಿಗೆ. "ನನಗೆ ಎರಡು ಕೊಟ್ಟಿದ್ದರು, ನಿನಗೂ ಎರಡು ಸಾಕು" ಎಂಬ ನೆರೆಯವನ ಮಾತು ಇಲ್ಲಿ ಕೆಲಸಕ್ಕೆ ಬಾರದು. ಫಾಲ್ಸಿಪೆರಮಿನ ಔಷಧದ ಪಟ್ಟಿಗಳಿಗೆ ವಯಸ್ಸಿಗನುಸಾರವಾಗಿ ಬೇರೆ ಬೇರೆ ಬಣ್ಣಗಳನ್ನು ಗೊತ್ತುಪಡಿಸಿದ್ದಾರೆ. ಮಗುವಿನ ಪಟ್ಟಿಯನ್ನು ತಂದೆಯೂ, ತಂದೆಯದನ್ನು ಮಗುವೂ ನುಂಗತಕ್ಕದ್ದಲ್ಲ.

ಮೊದಲನೆಯ ದಿನದ ಪ್ರಮಾಣವನ್ನು ದವಾಖಾನೆಯವರ ಎದುರಿನಲ್ಲಿಯೇ ನುಂಗಿ, ಕಾಲು ಗಂಟೆ ಅಲ್ಲಿಯೇ ಕುಳಿತಿರುವುದು ಉತ್ತಮ. ಆ ಅವಧಿಯಲ್ಲಿ ವಾಂತಿಯಾದರೆ ಅವರು ಮತ್ತೆ ಕೊಡುವರು.

ಪ್ರೈಮಾಕ್ವಿನ್ ಗುಳಿಗೆಯನ್ನು ಗರ್ಭಿಣಿಯರಿಗೂ ಒಂದು ವರ್ಷದೊಳಗಿನ ಕೂಸುಗಳಿಗೂ ಕೊಡತಕ್ಕದ್ದಲ್ಲ. ಹೆಂಗಸರು ಸಂಕೋಚಪಡದೆ ಗರ್ಭದ ಸಂಗತಿಯನ್ನೂ ಎದೆಹಾಲಿನ ಸಂಗತಿಯನ್ನೂ ಮೊದಲೇ ತಿಳಿಸಬೇಕು. ಕೆಲವರ ರಕ್ತದಲ್ಲಿ ಹುಟ್ಟಿನಿಂದಲೇ ಇರುವ ಒಂದು ಕೊರತೆಯ ಕಾರಣ ಈ ಗುಳಿಗೆಯಿಂದ ರಕ್ತಕಣಗಳು ಒಡೆಯುವುದುಂಟು. ಮೂತ್ರವು ಕಪ್ಪು ಚಹದ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ, ತೀರ ನಿಶ್ಶಕ್ತಿಯಾದರೆ, ಆ ಗುಳಿಗೆಯನ್ನು ಕೂಡಲೇ ನಿಲ್ಲಿಸಿ ಅದೇ ದಿನ ದವಾಖಾನೆಗೆ ಹೋಗಬೇಕು. ನಡುವೆ ಬಿಡಬಾರದೆಂಬ ನಿಯಮಕ್ಕೆ ಇದು ಮುಖ್ಯವಾದ ಅಪವಾದ.

ಹದಿನಾಲ್ಕು ದಿನಗಳನ್ನು ಎಣಿಸುವ ಬಗೆ

ಗುಳಿಗೆಯನ್ನು ಊಟವಾದ ಮೇಲೆ ನುಂಗಬೇಕು. ಬರಿಹೊಟ್ಟೆಯಲ್ಲಿ ನುಂಗಿದವನಿಗೆ ಸಂಕಟವಾಗಿ, ಮರುದಿನ ಅವನು ಅದನ್ನು ಮುಟ್ಟುವುದಿಲ್ಲ. ಬೆಳಗಿನ ಗಂಜಿ ಉಂಡು ಕೆಲಸಕ್ಕೆ ಹೊರಡುವ ಮುನ್ನವೋ ರಾತ್ರಿಯ ಊಟದ ತರುವಾಯವೋ ಒಂದೇ ಹೊತ್ತನ್ನು ಗೊತ್ತುಮಾಡಿಕೊಂಡರೆ ಮರೆವು ಕಡಿಮೆ.

ಓದುಬಲ್ಲವರ ಮನೆಯಲ್ಲಿ ಗೋಡೆಯ ದಿನದರ್ಶಿಕೆಯ ಮೇಲೆ ಕೊನೆಯ ದಿನವನ್ನು ಮೊದಲೇ ಗುರುತಿಸಿ, ದಿನಕ್ಕೊಂದು ಗೆರೆ ಎಳೆಯಲಿ. ಓದುಬಾರದವರು ಒಂದು ಕರಟದಲ್ಲಿ 14 ಹುಣಿಸೆಬೀಜಗಳನ್ನಿಟ್ಟು, ಗುಳಿಗೆ ನುಂಗಿದ ಮೇಲೆ ದಿನಕ್ಕೊಂದನ್ನು ಎಸೆಯಲಿ. ಕರಟ ಬರಿದಾದ ದಿನ ಔಷಧ ಮುಗಿಯಿತು. ಸಂತೆಯಿಂದ ದಿನ ಲೆಕ್ಕಿಸುವವರಿಗೆ ಇನ್ನೂ ಸುಲಭ: ಕಾರವಾರದ ರವಿವಾರದ ಸಂತೆಯ ದಿನ ಆರಂಭಿಸಿದವನು ಮುಂದಿನ ಸಂತೆಯನ್ನು ದಾಟಿ, ಮೂರನೆಯ ಸಂತೆಯ ಹಿಂದಿನ ದಿನದವರೆಗೆ, ಎಂದರೆ ಶನಿವಾರದವರೆಗೆ, ನುಂಗತಕ್ಕದ್ದು. ಒಂದು ದಿನ ಮರೆತರೆ ಮರುದಿನ ಇಮ್ಮಡಿ ನುಂಗಬಾರದು. ಆಶಾ ಕಾರ್ಯಕರ್ತೆಯನ್ನೋ ದವಾಖಾನೆಯನ್ನೋ ಕೇಳಿ ಮುಂದುವರಿಸಬೇಕು. ಗುಳಿಗೆಯ ಪೊಟ್ಟಣವನ್ನು ಮಳೆಯ ತೇವ ತಾಗದ, ಮಕ್ಕಳ ಕೈಗೆ ಸಿಗದ ಡಬ್ಬಿಯಲ್ಲಿಡಬೇಕು. ಕ್ಲೋರೋಕ್ವಿನ್ ಗುಳಿಗೆಯು ಹೆಚ್ಚಾದರೆ ಚಿಕ್ಕ ಮಕ್ಕಳಿಗೆ ಪ್ರಾಣಾಂತಿಕ.

ಮೂರು ದಿನ ಔಷಧ ಕೊಟ್ಟ ಮೇಲೂ ಜ್ವರ ನಿಲ್ಲದಿದ್ದರೆ ತಿರುಗಿ ತೋರಿಸಬೇಕು. ಪ್ರಜ್ಞೆ ತಪ್ಪುವುದು, ಸೆಳವು, ನೀರನ್ನೂ ಕುಡಿಯಲಾರದ ಸ್ಥಿತಿ, ಏದುಸಿರು, ಇವುಗಳಲ್ಲಿ ಯಾವುದು ಕಂಡರೂ ಮರುದಿನದ ದಾರಿ ನೋಡದೆ, ರಾತ್ರಿಯಾದರೂ ವಾಹನ ಮಾಡಿ ಹತ್ತಿರದ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ಹಿರಿಯರೂ ಭೂಮಾಲಿಕರೂ ಮಾಡತಕ್ಕದ್ದು

ವೈದ್ಯರು ಔಷಧ ಕೊಡುವರು. ಆಶಾ ಕಾರ್ಯಕರ್ತೆಯು ಬಂದು ವಿಚಾರಿಸುವಳು. ಆದರೆ ಕೂಲಿಯಾಳು ದಿನವೆಲ್ಲ ಇರುವುದು ತಮ್ಮ ಗದ್ದೆಯಲ್ಲಿ, ತೋಟದಲ್ಲಿ, ದೋಣಿಯಲ್ಲಿ. ತಮ್ಮ ಒಂದು ಮಾತಿಗೆ ಇರುವ ತೂಕವು ಚೀಟಿಯ ಬರಹಕ್ಕೆ ಇಲ್ಲ. ಆದುದರಿಂದ ಈ ಕೆಳಗಿನ ಕೆಲಸಗಳನ್ನು ತಾವು ವಹಿಸಿಕೊಳ್ಳಬೇಕೆಂದು ಕೋರುತ್ತೇನೆ.

ಮೊದಲನೆಯದು, ಜ್ವರ ಬಂದ ಆಳನ್ನು ಪರೀಕ್ಷೆಗೆ ಹೋಗಲು ಬಿಡುವುದು, ಆ ದಿನದ ಕೂಲಿಯನ್ನು ಕಡಿಯದಿರುವುದು. ಅರ್ಧ ದಿನದ ಕೂಲಿಗೆ ಅಂಜಿ ಜ್ವರವನ್ನು ಮುಚ್ಚಿಟ್ಟುಕೊಳ್ಳುವವನು ಸೊಳ್ಳೆಯ ಮೂಲಕ ಊರಿಗೇ ಹಂಚುವನು.

ಎರಡನೆಯದು, ನಾಲ್ಕನೆಯ ದಿನ ಕೆಲಸಕ್ಕೆ ಬಂದವನನ್ನು, "ಗುಳಿಗೆ ಎಷ್ಟು ಉಳಿದಿವೆ?" ಎಂದು ಕೇಳುವುದು. ಜ್ವರ ಬಿಟ್ಟವನು ಹಗುರವಾದ ಕೆಲಸಕ್ಕೆ ಬರಬಾರದೆಂದಿಲ್ಲ. ಗುಳಿಗೆಯನ್ನು ಬಿಟ್ಟು ಬರಬಾರದು. ಗದ್ದೆಯಲ್ಲಿ ಊಟ ಕೊಡುವ ರೂಢಿಯಿದ್ದಲ್ಲಿ ಉಂಡ ಮೇಲೆ ತಮ್ಮ ಮನೆಯವರ ಎದುರಿನಲ್ಲಿಯೇ ನುಂಗಿಸಬಹುದು.

ಮೂರನೆಯದು, ಹೊರಗಿನಿಂದ ಬಂದ ಕೆಲಸಗಾರರ ಸಂಗತಿ. ಕಟ್ಟಡ, ರಸ್ತೆ, ಕಲ್ಲುಗಣಿಗಳ ಕೆಲಸಕ್ಕೂ, ಬೈತಖೋಲ, ಬೇಲೆಕೇರಿ ಬಂದರುಗಳ ದೋಣಿಗಳಿಗೂ ಪರಸ್ಥಳದವರು ಬರುತ್ತಾರೆ. ಇವರು ಚಿಕಿತ್ಸೆಯ ನಡುವೆ ಊರಿಗೆ ಹೊರಟರೆ ಉಳಿದ ಗುಳಿಗೆಯನ್ನೂ ಚೀಟಿಯನ್ನೂ ಕಟ್ಟಿಕೊಟ್ಟು, ಹೋಗುವ ಊರಿನ ಹೆಸರನ್ನು ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಹಲವು ದಿನ ಕಡಲಿನಲ್ಲಿರತಕ್ಕವನ ಗುಳಿಗೆಗಳು ತೇವವಾಗದಂತೆ ದೋಣಿಯ ತಾಂಡೇಲನ ವಶದಲ್ಲಿರಲಿ.

ನಾಲ್ಕನೆಯದು, ಒಂದು ಮನೆಯಲ್ಲಿ ರೋಗ ಕಂಡರೆ ಸುತ್ತಲಿನ ಮನೆಗಳ ಜ್ವರದವರ ರಕ್ತವನ್ನೂ ಪರೀಕ್ಷಿಸಲು ಬರುವವರಿಗೆ ಸಹಾಯ ಮಾಡುವುದು. ಜೊತೆಗೆ ರೋಗಿಯನ್ನು ಸೊಳ್ಳೆಪರದೆಯೊಳಗೆ ಮಲಗಿಸುವುದು; ಮುಚ್ಚಳವಿಲ್ಲದ ತೊಟ್ಟಿ, ಬಳಸದ ಬಾವಿ, ತೋಟದ ಕಾಲುವೆಗಳಲ್ಲಿ ನೀರು ಮಡುಗಟ್ಟದಂತೆ ನೋಡುವುದು. ಈ ಜ್ವರದ ಸೊಳ್ಳೆಯು ಬಚ್ಚಲ ಕೊಚ್ಚೆಗಿಂತ ತಿಳಿನೀರನ್ನೇ ಮೆಚ್ಚುವುದೆಂಬುದು ನೆನಪಿರಲಿ.

ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ಹಣ ಬೇಡ. ಗದ್ದೆಯ ಬದುವಿನಲ್ಲಿ ನಿಂತು ಕೇಳುವ ಒಂದು ಪ್ರಶ್ನೆ, ಒಂದು ಹೊತ್ತಿನ ಗಂಜಿ, ಹದಿನಾಲ್ಕು ಹುಣಿಸೆಬೀಜ, ಇಷ್ಟೇ. ಆ ವರ್ಷ ನಾನು ಆ ಪ್ರಶ್ನೆಯನ್ನು ಕೇಳಿ, ಉತ್ತರಕ್ಕೆ ಸುಮ್ಮನಾದೆನು. ಈಗ ಯಾವ ಹಳ್ಳಿಗೆ ಹೋದರೂ, ಅಗೆಯನ್ನು ನೋಡುವ ಮೊದಲು ಜ್ವರದಿಂದ ಎದ್ದವರಿದ್ದರೆ ಅವರ ಗುಳಿಗೆಯ ಡಬ್ಬಿಯನ್ನು ತೋರಿಸಲು ಹೇಳುತ್ತೇನೆ. ವಾಚಕರಾದ ಹಿರಿಯರೂ ತಮ್ಮ ತಮ್ಮ ಊರುಗಳಲ್ಲಿ ಈ ರೂಢಿಯನ್ನು ಈ ಮಳೆಗಾಲದಿಂದಲೇ ಹಾಕಿಕೊಡಬೇಕಾಗಿ ವಿನಂತಿ.